ಸರ್ವರಿನಲ್ಲಿ ಬಿಳಿಗೋಟು

ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ಕಿಟಕಿಯಲ್ಲಿ ಕಾಪಿ ಮಾಡಲು ಕಂಟ್ರೋಲ್ ಸಿ ಒತ್ತಬಾರದು ಎಂಬುದು ಲಿನಕ್ಸ್ ಬಳಸುವವರಿಗೆಲ್ಲ ಗೊತ್ತು. ಗೊತ್ತಿರುವುದು ತಲೆಗೆ, ಬೆರಳಿಗಲ್ಲ. ಬೇರೆ ಕಡೆ ಸಾಧುವಾಗಿ ನಕಲು ತೆಗೆದುಕೊಡುವ ಈ ಜೋಡಿ ಕೀಲಿ ಇಲ್ಲಿ ಓಡುತ್ತಿರುವ ಪ್ರೋಗ್ರಾಮಿನ ಕತ್ತನ್ನೇ ಹಿಚುಕುತ್ತದೆ. ಸಿರ್ಸಿ ಕಡೆಯ ಮಳೆಗಾಲದಲ್ಲಿ ಕರೆಂಟ್ ಇದ್ದರೆ ನೆಟ್‌ವರ್ಕ್ ಇರುವುದಿಲ್ಲ, ನೆಟ್‌ವರ್ಕ್ ಇದ್ದರೆ ಕರೆಂಟ್ ಇರುವುದಿಲ್ಲ. ಎರಡೂ ಕೂಡಿಬಂದ ಮುಹೂರ್ತದಲ್ಲಿ ಹಿಡಿದ ಡೌನ್‌ಲೋಡ್ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ತೆರೆಯ ಮೇಲೊಂದು ಟೋಪಿ ಗುರುತು, ಪಕ್ಕದಲ್ಲಿ ಸಿ ಅಕ್ಷರ. ಮುಗಿಯಿತು. ನಡುವೆ ಶಿಫ್ಟ್ ಸೇರಿಸಿ ಒತ್ತಬೇಕಂತೆ!

ಮೌಸ್ ಹಿಡಿದು ಸಾಲುಸಾಲು ಎಳೆಯುವ ಕಷ್ಟ ಬೇಡವೆಂದು ಎಕ್ಸ್‌ಕ್ಲಿಪ್ ಎಂಬ ಪುಟ್ಟ ಪ್ರೋಗ್ರಾಂ ಇದೆ. ಆಜ್ಞೆಯ ಕೊನೆಗೆ ಪೈಪಿನ ಉದ್ದ ಗೀಟು ಹಾಕಿ ಅದರ ಹೆಸರು ಬರೆದರೆ, ತೆರೆಗೆ ಬರಬೇಕಿದ್ದದ್ದು ನೇರವಾಗಿ ಕ್ಲಿಪ್‌ಬೋರ್ಡಿಗೆ ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಯಾವ ಕ್ಲಿಪ್‌ಬೋರ್ಡಿಗೆ ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಅಡಿಕೆ ಧಾರಣೆಯನ್ನು ನಕಲು ಮಾಡಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುವುದು ನನ್ನ ಪಾಲಿನ ನಿತ್ಯಕರ್ಮ. ಅಂದು ಅದನ್ನು ನಕಲು ಮಾಡಿಟ್ಟುಕೊಂಡ ಹೊತ್ತಿಗೇ ಬೆಂಗಳೂರಿನ ಕಚೇರಿಯಿಂದ ಸರ್ವರಿನ ದೋಷದ ಸಾಲುಗಳನ್ನು ತಕ್ಷಣ ಕಳಿಸಿ ಎಂಬ ಆದೇಶ ಬಂತು. ಎಕ್ಸ್‌ಕ್ಲಿಪ್ ಬಾಯಿಗೆ ಆ ಸಾಲುಗಳನ್ನು ಪೈಪಿನಲ್ಲಿ ಕೊಟ್ಟೆ, ನುಂಗಿಕೊಂಡು ಸುಮ್ಮನಾಯಿತು. ಕಚೇರಿಯ ಗುಂಪಿನಲ್ಲಿ ಕಂಟ್ರೋಲ್ ವಿ, ಎಂಟರ್. ಹೋದದ್ದು ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂಬ ಅಡಿಕೆಯ ಬಗೆಗಳ ಕನಿಷ್ಠ ಗರಿಷ್ಠ ದರ.

“ಬಿಳಿಗೋಟು ಯಾವ ಸರ್ವರ್? ನಮ್ಮ ಪಟ್ಟಿಯಲ್ಲಿ ಇಲ್ಲವಲ್ಲ” ಎಂದರು ಮ್ಯಾನೇಜರ್. “ಚಾಲಿ ಯಾಕೆ ಇಷ್ಟು ಕೆಳಗಿದೆ, ರೀಸ್ಟಾರ್ಟ್ ಮಾಡಿ ನೋಡಿದಿರಾ ಸರ್?” ಎಂದು ಹೊಸದಾಗಿ ಸೇರಿದ ಹುಡುಗ ಕಾಳಜಿಯಿಂದ ಕೇಳಿದ. ಚಾಲಿ ಕೆಳಗಿರುವ ಚಿಂತೆ ನಮ್ಮ ಮನೆಯಲ್ಲಿಯೂ ಇತ್ತು, ಅದು ಬೇರೆ ವಿಷಯ.

ಸಂಗತಿ ಇಷ್ಟು. ತೆರೆಯ ಮೇಲಿನ ಕಿಟಕಿ, ಮೌಸುಗಳನ್ನು ನೋಡಿಕೊಳ್ಳುವ ಲಿನಕ್ಸಿನ ಎಕ್ಸ್ ವ್ಯವಸ್ಥೆ ಎಂದರೆ ಎರಡು ಖಾನೆಯ ಕವಳದ ಸಂಚಿ. ಮೌಸಿನಿಂದ ಗುರುತು ಹಾಕಿದ್ದೆಲ್ಲ ಪ್ರೈಮರಿ ಎಂಬ ಖಾನೆಗೆ. ಅದನ್ನು ಹೊರತೆಗೆಯಲು ಮೌಸಿನ ನಡುಗುಂಡಿ, ಅಂದರೆ ಚಕ್ರವನ್ನೇ, ಒತ್ತಬೇಕು. ಕಂಟ್ರೋಲ್ ಸಿ, ಕಂಟ್ರೋಲ್ ವಿಗಳು ಕೈ ಹಾಕುವುದು ಕ್ಲಿಪ್‌ಬೋರ್ಡ್ ಎಂಬ ಇನ್ನೊಂದು ಖಾನೆಗೆ. (ಸೆಕೆಂಡರಿ ಎಂಬ ಮೂರನೆಯದೂ ಇದೆ, ಅದನ್ನು ಬಳಸುವವರನ್ನು ನಾನಂತೂ ಕಂಡಿಲ್ಲ.) ಎಕ್ಸ್‌ಕ್ಲಿಪ್ ಮಹಾಶಯ, ಬಿಡಿಸಿ ಹೇಳದಿದ್ದರೆ, ಪ್ರೈಮರಿಗೇ ತುಂಬುತ್ತಾನೆ. ಹೆಸರಿನಲ್ಲೇ ಕ್ಲಿಪ್ ಇಟ್ಟುಕೊಂಡವನಿಗೆ ‘ಸೆಲೆಕ್ಷನ್ ಕ್ಲಿಪ್‌ಬೋರ್ಡ್’ ಎಂದು ಪ್ರತಿ ಸಲ ಬಾಲಂಗೋಚಿ ಕಟ್ಟಬೇಕು. ಮ್ಯಾಕ್ ಇದ್ದವರು ಪಿಬಿಕಾಪಿ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ, ಪುಣ್ಯವಂತರು. ಬಾಲಂಗೋಚಿ ಸಮೇತ ಎಕ್ಸ್‌ಕ್ಲಿಪ್ಪಿಗೊಂದು ಎರಡಕ್ಷರದ ಅಡ್ಡಹೆಸರು ಮಾಡಿ, ಟರ್ಮಿನಲ್ಲಿನಲ್ಲಿ ಆಜ್ಞೆಗಳನ್ನು ಓದಿ ನಡೆಸುವ ಬ್ಯಾಶಿನ ಕಡತದಲ್ಲಿ ಬರೆದಿಟ್ಟೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ಎಸ್‌ಎಸ್‌ಎಚ್ ಮೂಲಕ ದೂರದ ಸರ್ವರಿಗೆ ಹೋದರೆ ಮಾತ್ರ, ಡಿಸ್‌ಪ್ಲೇ ತೆರೆಯಲಾಗದು ಎಂದು ಗೊಣಗುತ್ತದೆ. ಅದೂ ಸರಿಯೇ, ಅಲ್ಲಿ ತೆರೆಯೇ ಇಲ್ಲ.

ಕಚೇರಿಯವರು ನಕ್ಕು ಮರೆತರು. ಆದರೆ ಪ್ರೈಮರಿ ಖಾನೆಯಲ್ಲಿ ಕುಳಿತ ದೋಷದ ಸಾಲು ಹಾಗೇ ಇತ್ತಲ್ಲ! ಮನೆಯವರ ಗುಂಪಿನಲ್ಲಿ ಮೌಸಿನ ಚಕ್ರ ತಿರುಗಿಸುವಾಗ ಚಕ್ರವೇ ಒತ್ತಿಹೋಗಿ, ಧಾರಣೆಯ ತಲೆಯ ಮೇಲೆ ‘ಕನೆಕ್ಷನ್ ರಿಫ್ಯೂಸ್ಡ್’ ಎಂದು ಕುಳಿತುಕೊಂಡು ಹೋಯಿತು. ಅಪ್ಪಯ್ಯ ಬಿಳಿಗೋಟಿನ ದರವಷ್ಟೇ ನೋಡಿದರು. ಕುಮಟಾದ ಅತ್ತೆ ಮಾತ್ರ ಎಲ್ಲವನ್ನೂ ಓದುವವರು. ಗಳಿಗೆಯೊಳಗೆ ಫೋನ್ ಬಂತು.

“ಅವರು ಬೇಡವೆಂದರೆ ಬಿಡು ಮಾಣಿ, ಯಲ್ಲಾಪುರದ ಕಡೆಯದು ಇನ್ನೊಂದು ಜಾತಕ ಇದೆ. ಹುಡುಗಿಯೂ ಕಂಪ್ಯೂಟರಿನಲ್ಲೇ ಇದ್ದಾಳೆ. ಕಳಿಸಲೇ?”