ಮಲೇರಿಯಾ ಗೊತ್ತಿರುವ ಹುಡುಗನಿಗೆ ಸೊನ್ನೆ

ರಾತ್ರಿ ಪ್ರಾರ್ಥನೆ ಮುಗಿದರೂ ಕೋಪ ಇಳಿದಿಲ್ಲ. ಬರೆದರೆ ಸ್ವಲ್ಪ ಹಗುರ ಆಗಬಹುದು ಅಂತ ಕೂತಿದ್ದೇನೆ. ಉದ್ದ ಆಗುತ್ತದೆ, ಓದುವ ತಾಳ್ಮೆ ಇದ್ದವರು ಓದಿ.

ಇವತ್ತು ಸಂಜೆ ಇಲ್ಲಿ ತಾಂಜಾನಿಯಾದ ನಮ್ಮ ಶಾಲೆಯ ನೀರಿನ ಟ್ಯಾಂಕ್ ಹತ್ತಿರ ಫಾರ್ಮ್ ಒನ್ ಹುಡುಗನೊಬ್ಬ ನಿಂತಿದ್ದ. ಫಾರ್ಮ್ ಒನ್ ಅಂದರೆ ನಮ್ಮ ಎಂಟನೇ ಕ್ಲಾಸ್ ಅಂದುಕೊಳ್ಳಿ. ಅಡುಗೆಯವರ ಇಬ್ಬರು ಸಣ್ಣ ಮಕ್ಕಳು ಟ್ಯಾಂಕ್ ಹಿಂದಿನ ಗುಂಡಿಯ ನೀರಲ್ಲಿ ಆಡುತ್ತಿದ್ದರು. ಇವನು ಅವರನ್ನು ಪಕ್ಕಕ್ಕೆ ಕರೆದು ವಿವರಿಸುತ್ತಿದ್ದ. ನಿಂತ ನೀರಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ. ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಜ್ವರ ಇದ್ದವರನ್ನು ಕಚ್ಚಿ, ಆಮೇಲೆ ನಿಮ್ಮನ್ನು ಕಚ್ಚಿದರೆ ನಿಮಗೂ ಬರುತ್ತದೆ. ಅದಕ್ಕೇ ಪರದೆ ಕಟ್ಟಿಕೊಂಡು ಮಲಗಬೇಕು, ಈ ಗುಂಡಿಗೆ ಮಣ್ಣು ತುಂಬಬೇಕು. ಎಲ್ಲವೂ ಇಲ್ಲಿನ ಜನರ ಮಾತಾದ ಸ್ವಾಹಿಲಿಯಲ್ಲಿ. ಆ ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದರು. ನಾನು ಬಯಾಲಜಿ ಟೀಚರ್, ನನಗೆ ಇದಕ್ಕಿಂತ ದೊಡ್ಡ ಸಂತೋಷ ಬೇರೆ ಇಲ್ಲ.

ಅಷ್ಟರಲ್ಲಿ ಮೇಲಿನ ಕ್ಲಾಸಿನ ಹುಡುಗನೊಬ್ಬ ಬಂದು ಇವನ ಕುತ್ತಿಗೆಗೆ ಹಗ್ಗ ಕಟ್ಟಿದ ಹಲಗೆ ತುಂಡೊಂದನ್ನು ಹಾಕಿದ. ಶಾಲೆಯ ಆವರಣದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದವರಿಗೆ ಆ ಹಲಗೆ. ಸ್ವಾಹಿಲಿ ಮಾತಾಡುವ ಇನ್ನೊಬ್ಬ ಸಿಗುವ ತನಕ ಹಾಕಿಕೊಂಡೇ ಇರಬೇಕು. ಸಿಕ್ಕಿದರೆ ಅವನ ಕುತ್ತಿಗೆಗೆ ದಾಟಿಸಬಹುದು. ದಿನದ ಕೊನೆಗೆ ಅದು ಯಾರ ಹತ್ತಿರ ಉಳಿಯುತ್ತದೋ ಅವರಿಗೆ ಶಿಕ್ಷೆ. ಮಕ್ಕಳು ಒಬ್ಬರ ಮೇಲೊಬ್ಬರು ಕಣ್ಣಿಟ್ಟು ತಿರುಗುತ್ತಾರೆ. ಗೆಳೆಯನ ಬಾಯಿಂದ ಒಂದು ಮಾತು ಜಾರಲಿ ಅಂತ ಕಾಯುತ್ತಾರೆ. ಇದನ್ನು ಶಿಸ್ತು ಅಂತ ಕರೆಯುತ್ತಾರೆ.

ಇದೇ ಹುಡುಗನ ಟೆಸ್ಟ್ ಪೇಪರ್ ನನ್ನ ಮೇಜಿನ ಮೇಲಿದೆ. ಮಲೇರಿಯಾ ಹೇಗೆ ಹರಡುತ್ತದೆ ಅಂತ ಇಂಗ್ಲಿಷಿನಲ್ಲಿ ಪ್ರಶ್ನೆ. ಅವನು ಮುದ್ದಾದ ಅಕ್ಷರಗಳಲ್ಲಿ ಆ ಪ್ರಶ್ನೆಯನ್ನೇ ಉತ್ತರದ ಜಾಗದಲ್ಲಿ ಮತ್ತೆ ಬರೆದಿದ್ದಾನೆ. ಕ್ಲಾಸಿನಲ್ಲಿ ಹೀಗೆ ಬರೆದವರು ಅವನೊಬ್ಬನೇ ಅಲ್ಲ. ನಿಯಮದ ಪ್ರಕಾರ ಸೊನ್ನೆ. ನಾನು ಇನ್ನೂ ಹಾಕಿಲ್ಲ, ಕೈ ಬರುತ್ತಿಲ್ಲ.

ನಾನು ತಾಂಜಾನಿಯಾದಲ್ಲಿರುವುದು ನಿಮಗೆಲ್ಲ ಗೊತ್ತು. ಊರಿಗೆ ಬಂದಾಗೆಲ್ಲ ನೀವು ಕೇಳುವುದು ಸಿಂಹ ನೋಡಿದ್ರಾ, ಬಿಸಿಲು ಜೋರಾ, ಊಟಕ್ಕೆ ಏನು ಅಂತ. ಊಟಕ್ಕೆ ಉಗಾಲಿ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಜೊತೆಗೆ ಬೀನ್ಸ್ ಸಾರು, ಸೊಪ್ಪು. ಚಪಾತಿಗೆ ಇಲ್ಲೂ ಚಪಾತಿ ಅಂತಲೇ ಹೆಸರು. ಬೆಳಿಗ್ಗೆ ಏಳು ಗಂಟೆಯನ್ನು ಇವರು ಒಂದು ಗಂಟೆ ಅಂತಾರೆ, ಹೊತ್ತು ಹುಟ್ಟಿದ ಮೇಲಿಂದ ಲೆಕ್ಕ. ದಾರಿಯಲ್ಲಿ ಮಕ್ಕಳು 'ಶಿಕಾಮೋ ಸಿಸ್ಟಾ', ಅಂದರೆ ನಮಸ್ಕಾರ ಸಿಸ್ಟರ್, ಅಂತ ತಲೆ ಬಾಗಿಸಿ ಹೇಳುತ್ತಾರೆ, ನಾನು 'ಮರಹಬಾ' ಅನ್ನಬೇಕು. ಭಾನುವಾರದ ಪೂಜೆ ಡೋಲು, ಹಾಡು, ಕುಣಿತ ಸೇರಿ ತಾಸುಗಟ್ಟಲೆ ನಡೆಯುತ್ತದೆ. ಕಾಣಿಕೆಗೆ ಕೋಳಿ ಬರುತ್ತದೆ, ಬಾಳೆಗೊನೆ ಬರುತ್ತದೆ. ಕಷ್ಟಗಳಿವೆ, ನೀರಿನದ್ದು, ಕರೆಂಟಿನದ್ದು, ರಸ್ತೆಯದ್ದು. ಅವೆಲ್ಲ ಅಭ್ಯಾಸ ಆಗಿವೆ. ಈ ಹಲಗೆ ಮಾತ್ರ ಅಭ್ಯಾಸ ಆಗಿಲ್ಲ, ಆಗುವುದೂ ಬೇಡ.

ವಿಷಯ ಏನು ಅಂದರೆ, ಇಲ್ಲಿ ಸರ್ಕಾರಿ ಪ್ರೈಮರಿ ಶಾಲೆ ಏಳನೇ ತರಗತಿವರೆಗೂ ಸ್ವಾಹಿಲಿಯಲ್ಲಿ ನಡೆಯುತ್ತದೆ. ಗಣಿತ, ವಿಜ್ಞಾನ ಎಲ್ಲ ಸ್ವಾಹಿಲಿ. ಜನವರಿಯಲ್ಲಿ ಫಾರ್ಮ್ ಒನ್‌ಗೆ ಬಂದ ಕೂಡಲೇ ಎಲ್ಲವೂ ಇಂಗ್ಲಿಷ್. ಮೊದಲ ಕೆಲವು ವಾರ ಇಂಗ್ಲಿಷ್ ತರಬೇತಿ ಅಂತ ಕೊಡುತ್ತಾರೆ. ಕೆಲವು ವಾರದಲ್ಲಿ ಭಾಷೆ ಬರುತ್ತದಾ? ಫಾರ್ಮ್ ಟೂ ಕೊನೆಗೆ ರಾಷ್ಟ್ರೀಯ ಪರೀಕ್ಷೆ ಬೇರೆ ಕಾದಿರುತ್ತದೆ. ಏಳನೇ ಕ್ಲಾಸಿನಲ್ಲಿ ಕೈ ಎತ್ತಿ ಎತ್ತಿ ಉತ್ತರ ಹೇಳುತ್ತಿದ್ದ ಮಗು ಫೆಬ್ರವರಿ ಹೊತ್ತಿಗೆ ಮೂಕವಾಗುತ್ತದೆ. ಬೋರ್ಡಿನ ಮೇಲಿದ್ದದ್ದನ್ನು ಹಾಗೇ ಬರೆದುಕೊಳ್ಳುತ್ತದೆ. 'ಅರ್ಥ ಆಯ್ತಾ?' ಅಂದರೆ ಇಡೀ ಕ್ಲಾಸ್ ಒಟ್ಟಿಗೆ 'ಯೆಸ್ ಸಿಸ್ಟಾ!' ಅನ್ನುತ್ತದೆ. ಆ 'ಯೆಸ್' ಕೇಳಿದರೆ ನನ್ನ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅದೇ ಕ್ಲಾಸಿನಲ್ಲಿ ದುಡ್ಡು ಕೊಟ್ಟು ಇಂಗ್ಲಿಷ್ ಮೀಡಿಯಂ ಪ್ರೈಮರಿಯಲ್ಲಿ ಓದಿ ಬಂದ ಮಕ್ಕಳೂ ಇರುತ್ತಾರೆ. ಅವರು ಮುಂದಿನ ಬೆಂಚು. ಹಳ್ಳಿಯ ಸರ್ಕಾರಿ ಶಾಲೆಯಿಂದ ಬಂದವರು ಹಿಂದೆ. ಬುದ್ಧಿಯಲ್ಲಿ ಒಂದಿಷ್ಟೂ ವ್ಯತ್ಯಾಸ ಇಲ್ಲ. 2016ರಿಂದ ಸರ್ಕಾರಿ ಶಾಲೆಗಳಲ್ಲಿ ಫಾರ್ಮ್ ಫೋರ್‌ವರೆಗೆ ಫೀಸು ತೆಗೆದರು, ಬಹಳ ಒಳ್ಳೆಯದಾಯಿತು, ಬಡವರ ಮಕ್ಕಳು ಬಂದರು. ಆದರೆ ಬಾಗಿಲು ತೆಗೆದು ಒಳಗೆ ಕರೆದು, ಗೊತ್ತಿಲ್ಲದ ಭಾಷೆಯಲ್ಲಿ ಪಾಠ ಶುರು ಮಾಡಿದರೆ ಆ ಮಗು ಒಳಗಿದ್ದೂ ಹೊರಗೇ ಅಲ್ವಾ?

ನನಗೆ ತಡೆಯಲಾಗದ್ದು ಇನ್ನೊಂದಿದೆ. ಈ ದೇಶದಲ್ಲಿ ಸ್ವಾಹಿಲಿ ಯಾವುದೋ ಮೂಲೆಯ ಭಾಷೆ ಅಲ್ಲ. ರಾಜಧಾನಿ ದೊಡೊಮಾದಲ್ಲಿ ಸಂಸತ್ತು ಸ್ವಾಹಿಲಿಯಲ್ಲಿ ನಡೆಯುತ್ತದೆ. 2021ರಲ್ಲಿ ಕಾನೂನು ತಿದ್ದಿ ನ್ಯಾಯಾಲಯಗಳ ಭಾಷೆಯನ್ನೂ ಸ್ವಾಹಿಲಿ ಮಾಡಿದರು. ಯುನೆಸ್ಕೊ ಜುಲೈ 7ನ್ನು ವಿಶ್ವ ಸ್ವಾಹಿಲಿ ದಿನ ಅಂತ ಘೋಷಿಸಿದೆ. ಮೊದಲ ಅಧ್ಯಕ್ಷ ನ್ಯೆರೆರೆ ತಾವೇ ಮೇಷ್ಟ್ರಾಗಿದ್ದವರು, ಇಲ್ಲಿ ಎಲ್ಲರೂ ಅವರನ್ನು ಇವತ್ತಿಗೂ 'ಮ್ವಾಲಿಮು', ಗುರುಗಳು ಅಂತಲೇ ಕರೆಯುವುದು. ಅವರು ಶೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ನಾಟಕವನ್ನೇ ಸ್ವಾಹಿಲಿಗೆ ತಂದರು. ಶೇಕ್ಸ್‌ಪಿಯರನನ್ನು ಹೊರಬಲ್ಲ ಭಾಷೆಗೆ ಸೊಳ್ಳೆಯ ಪಾಠ ಹೇಳಲು ಆಗುವುದಿಲ್ಲವಾ? ದೇವರ ಹತ್ತಿರ ಸ್ವಾಹಿಲಿಯಲ್ಲಿ ಮಾತಾಡಬಹುದು, ನ್ಯಾಯಾಧೀಶರ ಹತ್ತಿರ ಮಾತಾಡಬಹುದು, ಬಯಾಲಜಿ ಟೀಚರ್ ಹತ್ತಿರ ಮಾತಾಡಿದರೆ ಕುತ್ತಿಗೆಗೆ ಹಲಗೆ!

ಇದನ್ನು ಸರಿ ಮಾಡಬೇಕು ಅಂತ ಇಲ್ಲಿನವರಿಗೆ ಹೊಳೆದಿಲ್ಲ ಅಂತಲ್ಲ. ಅಧ್ಯಕ್ಷರು ನೇಮಿಸಿದ್ದ ಮಕ್ವೆಟಾ ಆಯೋಗ 1982ರಲ್ಲೇ, ಸೆಕೆಂಡರಿಯಲ್ಲೂ ಸ್ವಾಹಿಲಿ ತನ್ನಿ, 1985ರಿಂದ ಶುರು ಮಾಡಿ ಅಂತ ಶಿಫಾರಸು ಮಾಡಿತ್ತು. ಸರ್ಕಾರ ಅದನ್ನು ಬಿಟ್ಟಿತು. 2015ರ ಫೆಬ್ರವರಿಯಲ್ಲಿ ಹೊಸ ಶಿಕ್ಷಣ ನೀತಿ ಬಿಡುಗಡೆ ಆದಾಗ ಮತ್ತೆ ಅದೇ ಮಾತು ಕೇಳಿಬಂತು. ಫಾರ್ಮ್ ಒನ್ ಮಾತ್ರ ಇವತ್ತಿಗೂ ಇಂಗ್ಲಿಷಿನಲ್ಲೇ ಇದೆ.

ನೀವು ಏನು ಹೇಳುತ್ತೀರಿ ಅಂತ ಗೊತ್ತು. 'ಸಿಸ್ಟರ್, ಇಂಗ್ಲಿಷ್ ಇಲ್ಲದೆ ಕೆಲಸ ಸಿಗುತ್ತಾ? ಯೂನಿವರ್ಸಿಟಿಯಲ್ಲಿ ಇಂಗ್ಲಿಷ್ ಬೇಡವಾ? ಅಪ್ಪ ಅಮ್ಮಂದಿರೇ ಕೇಳುವುದು ಇಂಗ್ಲಿಷ್ ಅಲ್ವಾ?' ಹೌದು, ಕೇಳುತ್ತಾರೆ. ನಮ್ಮಲ್ಲೂ ಕೇಳುತ್ತಾರೆ. ಪ್ರೈಮರಿಯಲ್ಲಿ ಮಾತೃಭಾಷೆಯಲ್ಲೇ ಕಲಿಸಬೇಕು ಅಂತ ಸರ್ಕಾರ ಒತ್ತಾಯಿಸುವಂತಿಲ್ಲ ಅಂತ 2014ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ತೀರ್ಪು ಬಂದಾಗ ಊರಲ್ಲಿ ಎಷ್ಟು ಜಗಳ ಆಯಿತು ಅಂತ ನೆನಪಿದೆ. ನಾನು ಇಂಗ್ಲಿಷ್ ಬೇಡ ಅನ್ನುತ್ತಿಲ್ಲ. ಇಂಗ್ಲಿಷನ್ನು ಇಂಗ್ಲಿಷ್ ಪೀರಿಯಡ್‌ನಲ್ಲಿ ಚೆನ್ನಾಗಿ ಕಲಿಸಿ, ಪ್ರೈಮರಿಯಿಂದಲೇ ಕಲಿಸಿ, ಒಳ್ಳೆಯ ಟೀಚರ್ ಹಾಕಿ ಅನ್ನುತ್ತಿದ್ದೇನೆ. ಮಲೇರಿಯಾ ಪಾಠವನ್ನು ಇಂಗ್ಲಿಷಿನಲ್ಲಿ ಹೇಳಿದರೆ ಮಗು ಇಂಗ್ಲಿಷ್ ಕಲಿಯುವುದಿಲ್ಲ, ಮಲೇರಿಯಾವನ್ನೂ ಕಲಿಯುವುದಿಲ್ಲ. ಎರಡೂ ಹೋಗುತ್ತದೆ. ನಾನು ದಿನಾ ಕಣ್ಣಾರೆ ನೋಡುತ್ತಿರುವುದು ಇದನ್ನೇ.

'ಸ್ವಾಹಿಲಿ ಕೂಡ ಎಲ್ಲರ ಮನೆಮಾತಲ್ಲವಲ್ಲ' ಅಂತ ಸಹೋದ್ಯೋಗಿಯೊಬ್ಬರು ವಾದ ಮಾಡುತ್ತಾರೆ. ಸರಿ. ಆದರೆ ನನ್ನನ್ನೇ ನೋಡಿ. ಬಂಟ್ವಾಳದ ಕಡೆಯವಳು. ಮನೆಯಲ್ಲಿ ಕೊಂಕಣಿ, ಅಂಗಳಕ್ಕಿಳಿದರೆ ತುಳು, ಶಾಲೆಯಲ್ಲಿ ಕನ್ನಡ. ಕನ್ನಡ ನನಗೆ ಯಾವತ್ತೂ ಹೊರಗಿನದು ಅನಿಸಲಿಲ್ಲ. ಸುತ್ತ ಕೇಳುತ್ತಾ ಬೆಳೆದ ಭಾಷೆ ಅದು. ಇಲ್ಲಿನ ಮಕ್ಕಳಿಗೆ ಸ್ವಾಹಿಲಿಯೂ ಹಾಗೇ.

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿ, ಪಿಯುಸಿ ಸೈನ್ಸಿಗೆ ಮಂಗಳೂರಿಗೆ ಹೋದವಳು ನಾನು. ಇದನ್ನು ಯಾವತ್ತೂ ಇಲ್ಲಿ ಹೇಳಿಲ್ಲ, ಇವತ್ತು ಹೇಳುತ್ತೇನೆ. ಮೊದಲ ಫಿಸಿಕ್ಸ್ ಕ್ಲಾಸಿನಲ್ಲಿ ಒಂದು ಅಕ್ಷರ ಅರ್ಥ ಆಗಲಿಲ್ಲ. ಹಾಸ್ಟೆಲಿನ ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತಿದ್ದೇನೆ, ಸದ್ದು ಹೊರಗೆ ಕೇಳಬಾರದು ಅಂತ. ಶಾಲೆಗೇ ಮೊದಲು ಬಂದವಳು ಆ ವರ್ಷ ನಾನು ದಡ್ಡಿ ಅಂತ ಪೂರ್ತಿ ನಂಬಿದ್ದೆ. ನಿಮ್ಮಲ್ಲಿ ಎಷ್ಟೋ ಜನ ಇದನ್ನು ದಾಟಿ ಬಂದವರು. ನಮಗೆ ಆಗ ಹದಿನಾರು ವರ್ಷ, ಹತ್ತು ವರ್ಷದ ಓದು ಬೆನ್ನಿಗಿತ್ತು. ಈ ಮಕ್ಕಳಿಗೆ ಹದಿಮೂರು, ಹದಿನಾಲ್ಕು.

ಇನ್ನೊಂದು ಮಾತು, ನಮ್ಮಂಥ ಮಿಷನ್ ಟೀಚರ್‌ಗಳಿಗೇ ಸಂಬಂಧಪಟ್ಟದ್ದು. 1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದು ಮೊದಲು ಮಾಡಿದ್ದು ಅಲ್ಲಿನ ಭಾಷೆ ಕಲಿತದ್ದು. ಅವರಲ್ಲಿ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತಂದರು, ಕಿಟೆಲ್ 1894ರಲ್ಲಿ ಕನ್ನಡ ನಿಘಂಟು ಕೊಟ್ಟರು. ಅದೇ ಬಾಸೆಲ್‌ನಲ್ಲಿ ಕಲಿತ ಜರ್ಮನ್ ಮಿಷನರಿ ಕ್ರಾಫ್ 1844ರಲ್ಲಿ ಬೇರೊಂದು ಮಿಷನ್ ಪರವಾಗಿ ಈ ಕರಾವಳಿಗೆ, ಈಗ ಕೀನ್ಯಾದಲ್ಲಿರುವ ಮೊಂಬಾಸಾಕ್ಕೆ ಬಂದರು. ಬಂದ ವರ್ಷವೇ ಹೆಂಡತಿಯನ್ನೂ ಹಸುಗೂಸನ್ನೂ ಅಲ್ಲಿ ಮಣ್ಣು ಮಾಡಿದರು. ಹೆಂಡತಿಗೆ ಬಂದದ್ದು ಮಲೇರಿಯಾ. ಆ ದುಃಖದಲ್ಲೂ ಅವರು ಕೂತು ಸ್ವಾಹಿಲಿ ಕಲಿತು 1850ರಲ್ಲಿ ವ್ಯಾಕರಣ ಪ್ರಕಟಿಸಿದರು. ಅವರ ಸ್ವಾಹಿಲಿ ನಿಘಂಟು ಅವರು ತೀರಿಕೊಂಡ ಮೇಲೆ, 1882ರಲ್ಲಿ ಬಂತು. ಅವರು ಪ್ರಾಟೆಸ್ಟೆಂಟರು, ನಾನು ಕಥೋಲಿಕ್ ಸಿಸ್ಟರ್. ಗೌರವಕ್ಕೆ ಅದು ಅಡ್ಡಿಯಲ್ಲ. ಹೊರಗಿನಿಂದ ಬಂದ ಟೀಚರ್ ಮೊದಲು ತಾನು ಕಲಿಯಬೇಕು ಅಂತ ಅವರಿಗೆ ಗೊತ್ತಿತ್ತು. ಆ ಪರಂಪರೆಯಲ್ಲಿ ಬಂದ ನಾವು ಈಗ ಮಕ್ಕಳ ಬಾಯಿ ಮುಚ್ಚಿಸುವ ಕೆಲಸಕ್ಕೆ ನಿಂತಿದ್ದೇವಲ್ಲ, ನನಗೆ ಇದು ನುಂಗಲಾಗದ ತುತ್ತು.

ನಾನು ಕ್ಲಾಸಿನ ಬಾಗಿಲು ಹಾಕಿಕೊಂಡು ಸ್ವಾಹಿಲಿಯಲ್ಲೇ ಪಾಠ ಮಾಡುತ್ತೇನೆ. ಮೊದಲು ವಿಷಯ ಸ್ವಾಹಿಲಿಯಲ್ಲಿ, ಆಮೇಲೆ ಅದೇ ಮಾತು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ. ನನ್ನ ವ್ಯಾಕರಣ ತಪ್ಪಿದರೆ ಮಕ್ಕಳು ತಿದ್ದುತ್ತಾರೆ, ಖುಷಿಯಿಂದ ತಿದ್ದುತ್ತಾರೆ. ಆಗ ಹಿಂದಿನ ಬೆಂಚಿನಲ್ಲಿ ಕೈಗಳು ಮೇಲೆ ಬರುತ್ತವೆ. ಇಲ್ಲಿನ ಎಷ್ಟೋ ಟೀಚರ್‌ಗಳು ಹೀಗೇ ಮಾಡುತ್ತಾರೆ, ಯಾರೂ ಜೋರಾಗಿ ಹೇಳುವುದಿಲ್ಲ ಅಷ್ಟೇ. ಕಲಿಸುವ ಕೆಲಸವನ್ನು ಕದ್ದು ಮಾಡಬೇಕಾದ ಸ್ಥಿತಿ ಯಾವ ಟೀಚರಿಗೂ ಬರಬಾರದು.

ಸೋಮವಾರ ಸ್ಟಾಫ್ ಮೀಟಿಂಗ್ ಇದೆ. ದೇಶದ ನೀತಿ ನನ್ನ ಕೈಯಲ್ಲಿಲ್ಲ, ಆದರೆ ಆ ಹಲಗೆ ನಮ್ಮ ಶಾಲೆಯದ್ದು. ಅದನ್ನು ತೆಗೆಯಬೇಕು ಅಂತ ಎದ್ದು ನಿಂತು ಕೇಳುತ್ತೇನೆ. ಹೊರಗಿನವಳು ನಮ್ಮ ಶಿಸ್ತಿನಲ್ಲಿ ಕೈ ಹಾಕುತ್ತಾಳೆ ಅನ್ನಬಹುದು, ಅನ್ನಲಿ.

ಪಿಯುಸಿಯಲ್ಲಿ ಕನ್ನಡ ಮೀಡಿಯಂ ಮಕ್ಕಳಿಗೆ ಬ್ರಿಡ್ಜ್ ಕೋರ್ಸ್ ಮಾಡುವ ಗೆಳೆಯರು ನನ್ನ ಲಿಸ್ಟಿನಲ್ಲಿದ್ದೀರಿ. ವಿಜ್ಞಾನದ ಪದಗಳನ್ನು ಎರಡೂ ಭಾಷೆಯಲ್ಲಿ ಹೇಗೆ ಜೋಡಿಸಿ ಕೊಡುತ್ತೀರಿ, ಮೊದಲ ತಿಂಗಳಿಗೆ ಯಾವ ಪಾಠ ಆರಿಸುತ್ತೀರಿ, ದಯವಿಟ್ಟು ಇನ್‌ಬಾಕ್ಸಿಗೆ ಬರೆಯಿರಿ. ನೋಟ್ಸಿನ ಫೋಟೊ ಇದ್ದರೂ ಸಾಕು. ಫಾರ್ಮ್ ಒನ್ ಬಯಾಲಜಿಗೆ ಸ್ವಾಹಿಲಿ ಮತ್ತು ಇಂಗ್ಲಿಷ್ ಎರಡೂ ಇರುವ ಪುಟ್ಟ ಪುಸ್ತಕ ಮಾಡಲು ಕೂತಿದ್ದೇನೆ. ಮೊದಲ ಪಾಠ ಮಲೇರಿಯಾ.