ಮೂರನೆಯ ಪುಟದಲ್ಲಿರುವ ಮೊದಲ ಪುಟ

ಮುಖಪುಟದ ವಿನ್ಯಾಸ ಓದುಗನನ್ನು ಹೇಗೆ ಸೆಳೆಯುತ್ತದೆ ಎಂಬುದನ್ನು ಪುಟವಿನ್ಯಾಸದ ಪಂಡಿತರು ಸವಿಸ್ತಾರವಾಗಿ ವಿವರಿಸಿದ್ದಾರೆ. ನನ್ನ ವಿನಂತಿ ಅದಕ್ಕಿಂತ ಸಣ್ಣದು: ಸೆಳೆಯುವುದಕ್ಕೆ ಮೊದಲು ಆ ಪುಟ ಎಲ್ಲಿದೆಯೆಂದು ಯಾರಾದರೂ ತಿಳಿಸಿದರೆ ಉಪಕಾರವಾದೀತು. ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಮೇಲೆ ಅದರ ಹೆಸರಿರುತ್ತದೆ, ಹೆಸರಿನ ಕೆಳಗೆ ದಿನಾಂಕವಿರುತ್ತದೆ, ದಿನಾಂಕದ ಕೆಳಗೆ ಪುಟದುದ್ದಕ್ಕೂ ಒಂದು ಬಹುಮಹಡಿ ಕಟ್ಟಡ ನಿಂತಿರುತ್ತದೆ. ಎಲ್ಲಿ ಕುಸಿಯಿತೋ, ಎಷ್ಟು ಜನ ಸಿಲುಕಿದರೋ ಎಂದು ಗಾಬರಿಯಿಂದ ಓದತೊಡಗಿದವನಿಗೆ, ಅದು ಬೀಳುವುದಿರಲಿ, ಇನ್ನೂ ಕಟ್ಟಿಯೇ ಇಲ್ಲವೆಂಬ ಸಮಾಧಾನ ದೊರೆಯುತ್ತದೆ. ಹಾಳೆ ತಿರುವಿದರೆ ಅದೇ ಕಟ್ಟಡದ ಈಜುಕೊಳ. ಅದನ್ನೂ ಈಜಿ ದಾಟಿದವರಿಗೆ ಮೂರನೆಯ ಪುಟದಲ್ಲಿ ಮೊದಲ ಪುಟದ ದರ್ಶನಭಾಗ್ಯ.

ಅಲ್ಲಿಯೂ ಆತುರ ಸಲ್ಲದು. ಕೆಲವು ದಿನ ಅರ್ಧ ಅಗಲದ ಜಾಹೀರಾತು ಹಾಳೆಯೊಂದು ಎಡಬದಿಯಿಂದ ಅಡ್ಡ ಬಂದು ನಿಂತಿರುತ್ತದೆ. ಅದರ ಆಚೆ ಮುಖ್ಯ ಸುದ್ದಿಯ ಬಲಭಾಗ ಮಾತ್ರ ಇಣುಕುತ್ತಿರುತ್ತದೆ. ಕ್ರಿಯಾಪದವನ್ನು ವಾಕ್ಯದ ಕೊನೆಯಲ್ಲಿಡುವ ಭಾಷೆ ನಮ್ಮದಾದ್ದರಿಂದ ‘ಸೋತರು’ ಎಂಬುದು ಸ್ಪಷ್ಟವಾಗಿ ಕಾಣುತ್ತದೆ, ಸೋತವರು ಯಾರೆಂಬುದು ಒಂದು ರೆಫ್ರಿಜರೇಟರಿನ ಹಿಂದೆ ಉಳಿಯುತ್ತದೆ. ಕುತೂಹಲ ಕೆರಳಿಸುವುದೇ ವಿನ್ಯಾಸದ ಗುರಿಯಾದರೆ, ಇದಕ್ಕಿಂತ ಯಶಸ್ವಿಯಾದ ವಿನ್ಯಾಸ ಇನ್ನೊಂದಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ಇದನ್ನು ಹೊಸ ಯುಗದ ಆವಿಷ್ಕಾರವೆಂದು ಹೊಗಳುವವರಿಗೆ ಚರಿತ್ರೆ ಸ್ವಲ್ಪ ತೊಂದರೆ ಕೊಡುತ್ತದೆ. ಲಂಡನ್ನಿನ ‘ದಿ ಟೈಮ್ಸ್’ 1966ರ ಮೇ 3ರಂದು ಮೊದಲ ಪುಟದಲ್ಲಿ ಸುದ್ದಿ ಹಾಕಿತು. ಅದುವರೆಗೆ ಅಲ್ಲಿದ್ದುದು ಸಣ್ಣ ಸಣ್ಣ ಜಾಹೀರಾತುಗಳ ಸಾಲುಗಳು. ಸಾಮ್ರಾಜ್ಯ ಮುಳುಗಿದರೂ ಆ ಸುದ್ದಿಯನ್ನು ಒಳಗೆ ಹೋಗಿ ನೋಡಬೇಕಿತ್ತು. ‘ದಿ ಹಿಂದೂ’ 1958ರಲ್ಲೂ, ಇಂದಿನ ‘ದಿ ಗಾರ್ಡಿಯನ್’ 1952ರಲ್ಲೂ ಈ ಪದ್ಧತಿಯನ್ನು ಕೈಬಿಟ್ಟಿದ್ದವು. ಜಾಹೀರಾತನ್ನು ಒಳಕ್ಕೆ ತಳ್ಳಿ ಸುದ್ದಿಯನ್ನು ಹೊರಕ್ಕೆ ತಂದದ್ದನ್ನು ಅಂದು ಆಧುನಿಕತೆ ಎಂದರು, ಸುದ್ದಿಯನ್ನು ಒಳಕ್ಕೆ ತಳ್ಳಿ ಜಾಹೀರಾತನ್ನು ಹೊರಕ್ಕೆ ತಂದಿರುವುದನ್ನು ಇಂದು ಜಾಕೆಟ್ ಎನ್ನುತ್ತಾರೆ. ಹಳೆಯ ಜಾಹೀರಾತುಗಳ ಪರವಾಗಿ ಒಂದು ಮಾತು ಹೇಳಲೇಬೇಕು: ಅವುಗಳಲ್ಲಿ ಹುಟ್ಟಿದವರೂ ಸತ್ತವರೂ ಇರುತ್ತಿದ್ದರು, ಹಾಗಾಗಿ ಒಂದಿಷ್ಟು ಸುದ್ದಿಯೂ ಇರುತ್ತಿತ್ತು.

ಜಾಕೆಟ್ ಇಲ್ಲದ ಬಡ ದಿನಗಳಲ್ಲಿ ವಿನ್ಯಾಸಶಾಸ್ತ್ರವೇ ನೇರವಾಗಿ ಕಣಕ್ಕಿಳಿಯುತ್ತದೆ. ಮಡಚಿಟ್ಟ ಪತ್ರಿಕೆಯ ಮೇಲರ್ಧವಷ್ಟೇ ಅಂಗಡಿಯಲ್ಲಿ ಕಾಣುವುದರಿಂದ, ಮಾರಾಟವಾಗಬೇಕಾದದ್ದೆಲ್ಲ ಮಡಿಕೆಯ ಮೇಲೆಯೇ ಇರಬೇಕೆಂಬುದು ಆ ಶಾಸ್ತ್ರದ ಮೊದಲ ಸೂತ್ರ. ಆದ್ದರಿಂದ ಅಲ್ಲಿ ಜಾತ್ರೆ ನೆರೆದಿರುತ್ತದೆ: ಒಳಪುಟಗಳ ಆಮಿಷ ತೋರಿಸುವ ಪೆಟ್ಟಿಗೆಗಳು, ಕೆಂಪು ಬಾಣ, ಬಾಣ ತೋರಿಸುತ್ತಿರುವ ವೃತ್ತ, ಮತ್ತು ಹಿನ್ನೆಲೆ ಕತ್ತರಿಸಲ್ಪಟ್ಟು ಪತ್ರಿಕೆಯ ಹೆಸರಿನೊಳಕ್ಕೇ ಬ್ಯಾಟು ಬೀಸುತ್ತಿರುವ ಆಟಗಾರ. ಹೆಸರಿನ ಎರಡು ಬದಿಯ ಚೌಕಗಳಿಗೆ ಮುದ್ರಣದವರ ಪರಿಭಾಷೆಯಲ್ಲಿ ‘ಕಿವಿ’ ಎಂದು ಹೆಸರು. ಆ ಕಿವಿಗಳನ್ನು ಬಾಡಿಗೆಗೆ ಕೊಟ್ಟು ಬಹಳ ಕಾಲವಾಯಿತು. ಓದುಗರ ದೂರು ಪತ್ರಿಕೆಗೆ ಕೇಳಿಸದಿರುವುದಕ್ಕೆ ಬೇರೆ ಕಾರಣ ಹುಡುಕುವ ಅಗತ್ಯ ನನಗೆ ಕಂಡಿಲ್ಲ.

ಬಣ್ಣದ ವಿಚಾರಕ್ಕೆ ಬಂದರೆ, 1982ರಲ್ಲಿ ಆರಂಭವಾದ ‘ಯುಎಸ್‌ಎ ಟುಡೇ’ ಬಣ್ಣದ ನಕ್ಷೆ, ಪುಟ್ಟ ಚಿತ್ರಪಟಗಳಿಂದ ಪುಟ ತುಂಬಿಸಿ, ಬೀದಿಯಲ್ಲಿ ಪತ್ರಿಕೆ ಮಾರುವ ಪೆಟ್ಟಿಗೆಗಳನ್ನು ಟಿವಿಯ ಆಕಾರದಲ್ಲಿ ಮಾಡಿಸಿತು. ಮೊದಮೊದಲು ನಕ್ಕ ಪತ್ರಿಕೆಗಳು ಆಮೇಲೆ ಸದ್ದಿಲ್ಲದೆ ಬಣ್ಣ ಬಳಿದುಕೊಂಡವು. ಗಾಂಭೀರ್ಯಕ್ಕೆ ಹೆಸರಾದ ‘ನ್ಯೂಯಾರ್ಕ್ ಟೈಮ್ಸ್’ ಮುಖಪುಟದಲ್ಲಿ ಬಣ್ಣದ ಛಾಯಾಚಿತ್ರ ಕಾಣಿಸಿದ್ದು 1997ರ ಅಕ್ಟೋಬರಿನಲ್ಲಿ. 2009ರ ಜನವರಿಯಲ್ಲಿ ಅದೇ ಪುಟದ ತಳಕ್ಕೆ ಪಟ್ಟಿ ಜಾಹೀರಾತೂ ಬಂತು. ಈಗ ಪತ್ರಿಕೆ ಟಿವಿಯಂತೆ ಕಾಣಲು ಹೆಣಗುತ್ತದೆ, ಟಿವಿ ಬೆಳಿಗ್ಗೆ ಎದ್ದು ಪತ್ರಿಕೆಯ ಮುಖಪುಟಗಳನ್ನು ಓದಿ ಹೇಳುತ್ತದೆ, ಇವೆರಡನ್ನೂ ಓದುಗ ಮೊಬೈಲಿನಲ್ಲಿ ಬೆರಳಿನಿಂದ ಮೇಲಕ್ಕೆ ತಳ್ಳುತ್ತಾನೆ.

ಆದರೂ ಜಾಕೆಟ್ಟನ್ನು ಪೂರ್ತಿ ಹಳಿಯುವುದು ನ್ಯಾಯವಲ್ಲ. 1948ರ ನವೆಂಬರ್ 3ರ ‘ಷಿಕಾಗೊ ಡೈಲಿ ಟ್ರಿಬ್ಯೂನ್’ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಡ್ಯೂಯಿ ಟ್ರೂಮನ್ನರನ್ನು ಸೋಲಿಸಿದರೆಂದು ಪುಟದಗಲಕ್ಕೂ ದಪ್ಪ ಅಕ್ಷರಗಳಲ್ಲಿ ಸಾರಿತು. ಗೆದ್ದವರು ಟ್ರೂಮನ್. ಅವರು ಸೇಂಟ್ ಲೂಯಿಸ್ ನಿಲ್ದಾಣದಲ್ಲಿ ತಮ್ಮ ರೈಲಿನ ಹಿಂಬದಿಯಲ್ಲಿ ನಿಂತು, ಬಾಯ್ತುಂಬ ನಗುತ್ತ ಆ ಪುಟವನ್ನು ಎತ್ತಿ ಹಿಡಿದರು. ಛಾಯಾಗ್ರಾಹಕರು ಅದನ್ನು ಶಾಶ್ವತಗೊಳಿಸಿದರು. ಅಂದು ಆ ಪತ್ರಿಕೆಗೆ ಒಂದು ಜಾಕೆಟ್ ಇದ್ದಿದ್ದರೆ, ಅಧ್ಯಕ್ಷರು ಎತ್ತಿ ಹಿಡಿದ ಹಾಳೆಯಲ್ಲಿ ಜಗತ್ತಿಗೆ ಕಾಣುತ್ತಿದ್ದುದು ಸುಲಭ ಕಂತುಗಳಲ್ಲಿ ದೊರೆಯುವ ಒಂದು ರೆಫ್ರಿಜರೇಟರ್.