ನಾಲ್ಕೂವರೆ ಅಡಿಯ ಗಾಜಿನ ಗೋಡೆ

ಇಟ್ಟಿಗೆ ಕಂಡರೆ ಬಳ್ಳಾರಿಯ ಗೌಂಡಿಯ ಕೈ ತಾನಾಗೇ ನೀರಿನ ತೊಟ್ಟಿಯ ಕಡೆ ಹೋಗುತ್ತದೆ. ಗಾಜಿನ ಬ್ಲಾಕಿಗೂ ಅದೇ ಸ್ನಾನ. ಪಾಪ, ಅದು ನೀರು ಕುಡಿಯುವ ಜಾತಿಯಲ್ಲ. ಎರಡು ಗಾಜಿನ ಬಟ್ಟಲನ್ನು ಬಾಯಿಗೆ ಬಾಯಿ ಬೆಸೆದ ಟೊಳ್ಳು ಡಬ್ಬಿ. ಒದ್ದೆ ಮೈಗೆ ಮಾಲು, ಅಂದರೆ ಸಿಮೆಂಟು-ಮರಳಿನ ಕಲಸು, ಹಿಡಿಯದೆ ಕಟ್ಟಿದ ಸಾಲು ಸಂಜೆಯೊಳಗೆ ಮೆಲ್ಲಗೆ ಜಾರುತ್ತದೆ.

ಅಸಲಿ ಫಜೀತಿ ಇರೋದು ಲೆಕ್ಕದಲ್ಲಿ. ಸಾಮಾನ್ಯ ಬ್ಲಾಕು 190 ಮಿ.ಮೀ. ಚೌಕ, 80 ಮಿ.ಮೀ. ದಪ್ಪ, ನಡುವಿನ ಸಂದು 10 ಮಿ.ಮೀ. ಆರು ಬ್ಲಾಕಿಗೆ 1190. ಗೋಡೆಯಲ್ಲಿ ಬಿಟ್ಟ ನಾಲ್ಕಡಿ ಜಾಗ ಅಂದರೆ 1219. ಎರಡೂ ಬದಿಗೆ ಹದಿನಾಲ್ಕರಷ್ಟು ಉಳಿಯುತ್ತದೆ, ಅಲ್ಲಿ ಫೋಮ್ ಪಟ್ಟಿ ಇಟ್ಟು ಮೇಲೆ ಸಿಲಿಕಾನ್ ಎಳೆದರೆ ಬಿಸಿಲಿಗೆ ಹಿಗ್ಗಲು ಜಾಗವಾಯಿತು. ಆದರೆ ಮುಂಗೋಡೆ ನೋಡಿದ ಮಾವನವರು "ನಾಲ್ಕೂವರೆ ಮಾಡ್ರಿ, ಚೆಂದ ಕಾಣ್ತೈತಿ" ಅಂದುಬಿಡುತ್ತಾರೆ. ಅದು 1372. ಏಳು ಬ್ಲಾಕಿಗೆ ಬೇಕಾದದ್ದು 1390. ಹದಿನೆಂಟು ಮಿ.ಮೀ. ಕಮ್ಮಿ!

"ಒಂಚೂರು ಕೊಯ್ದು ಕೂರಿಸ್ತೀನಿ ಬಿಡ್ರಿ ಸಾವ್ಕಾರ್ರ."

ಕೊಯ್ಯಲಾಗದು. ಕಟರ್ ತಾಗಿದರೆ ಡಬ್ಬಿಯೂ ಇಲ್ಲ, ಬಟ್ಟಲೂ ಇಲ್ಲ. ಬ್ಲಾಕು ಎಣಿಸಿ ಗೋಡೆಯಲ್ಲಿ ಜಾಗ ಬಿಡಬೇಕೇ ಹೊರತು ಜಾಗ ಬಿಟ್ಟು ಬ್ಲಾಕು ಎಣಿಸಬಾರದು.

ಮಾಲು ಒಂದಕ್ಕೆ ಮೂರು, ಬಿಳಿ ಸಿಮೆಂಟು ಮತ್ತು ಸಣ್ಣ ಮರಳು. ಮುಷ್ಟಿಯಲ್ಲಿ ಹಿಡಿದರೆ ಜೋಳದ ಹಿಟ್ಟಿನ ಉಂಡೆಯಂತೆ ನಿಲ್ಲಬೇಕು. ಗಾಜು ನೀರು ಹೀರದ್ದರಿಂದ ಗಟ್ಟಿಯಾಗುವುದು ನಿಧಾನ. ದಿನಕ್ಕೆ ಮೂರ್ನಾಲ್ಕು ಸಾಲು ಸಾಕು. ಸಂದು ಬಿಟ್ಟು ಸಂದಿಗೆ 6 ಮಿ.ಮೀ. ಸರಳು, ಗಾಜಿಗೆ ತಾಗದ ಹಾಗೆ. ಮೇಲೆ ಲಿಂಟಲ್ ಇರಲೇಬೇಕು, ಈ ಡಬ್ಬಿಗಳು ಭಾರ ಹೊರುವವಲ್ಲ. ಮೆತ್ತಿದ ಮಾಲನ್ನು ಹಸಿಯಿದ್ದಾಗಲೇ ಸ್ಪಂಜಿನಿಂದ ಒರೆಸಿ. ಮಂಡಕ್ಕಿ-ಮಿರ್ಚಿ ಮುಗಿಸಿ ಬಂದು ಕೆರೆದರೆ ಗಾಜಿಗೆ ಗೀರು ಖಾಯಂ.

ಪಡುವಣಕ್ಕೆ ಮಾತ್ರ ಬೇಡ. ಮೇ ತಿಂಗಳ ನಲವತ್ತು ಡಿಗ್ರಿ ಬಿಸಿಲು ಈ ಗೋಡೆಯಿಂದ ಒಳಗೆ ಬಂದು ಸೋಫಾದ ಮೇಲೆ ಕೂರುತ್ತದೆ.

ಬಚ್ಚಲಿಗೆ ಹಾಕುವವರು ಬೇರೆಯೇ ಒಂದು ಮರೆಯುತ್ತಾರೆ. ಹಗಲು ಅಲೆಅಲೆ ವಿನ್ಯಾಸದ ಗಾಜಿನಲ್ಲಿ ಏನೂ ಕಾಣದು. ರಾತ್ರಿ ಎದುರುಗೋಡೆಯ ಬಲ್ಬು ಹೊತ್ತಿದೊಡನೆ, ತೊಗಲುಗೊಂಬೆಗೆ ಹೆಸರಾದ ಈ ಸೀಮೆಯಲ್ಲಿ ಪುಕ್ಕಟೆ ಆಟ ಶುರು. ಬಲ್ಬನ್ನು ಬ್ಲಾಕಿರುವ ಗೋಡೆಗೇ, ಅದರ ಮೇಲ್ಗಡೆ ಹಾಕಿಸಿ. ಆಗ ಮನುಷ್ಯ ಬೆಳಕಿಗೂ ಗಾಜಿಗೂ ನಡುವೆ ಬರುವುದಿಲ್ಲ. ಇಲ್ಲದಿದ್ದರೆ ಎದುರುಮನೆ ಕಟ್ಟೆಯ ಮೇಲೆ ಕೂತವರಿಗೆ ಮುಖ ಕಾಣದಿದ್ದರೂ ತಂಬಿಗೆ ಎಷ್ಟು ಸಲ ಎತ್ತಿದಿರಿ ಅನ್ನುವ ಲೆಕ್ಕ ಸಿಗುತ್ತದೆ.